ಹತ್ತು ಕಿಲೋಮೀಟರಿನಿಂದ ನೂರು ಮೀಟರಿಗೆ

ಹಸಿರು ಮಾರ್ಗದ ಮೆಟ್ರೊ ಹತ್ತಿ ಬೆಂಗಳೂರಿನ ದಕ್ಷಿಣಕ್ಕೆ ಹೊರಟರೆ ಕೋಣನಕುಂಟೆ ಕ್ರಾಸ್, ದೊಡ್ಡಕಲ್ಲಸಂದ್ರ ದಾಟಿ ವಾಜರಹಳ್ಳಿ ಬರುವ ಹೊತ್ತಿಗೆ ಬಲಗಡೆ ಕಟ್ಟಡಗಳ ಸಂದಿಯಲ್ಲಿ ಹಸಿರು ದಿಣ್ಣೆಯೊಂದು ಇಣುಕುತ್ತದೆ. ಅದು ತುರಹಳ್ಳಿ ಕಾಡು. ಐನೂರು ಎಕರೆಗೂ ಮಿಕ್ಕಿದ ಕುರುಚಲು. ಅಲ್ಲಲ್ಲಿ ಬೋಳು ಬಂಡೆ, ಬಂಡೆಗಳ ನಡುವೆ ಜಾಲಿ, ಲಂಟಾನ, ಇಲಾಖೆ ನೆಟ್ಟು ಬೆಳೆಸಿದ ನೀಲಗಿರಿ. ಮಲೆನಾಡಿನಿಂದ ಬಂದವರು ಇದನ್ನು ಕಾಡು ಎಂದು ಒಪ್ಪಲು ಹಿಂಜರಿಯಬಹುದು. ಆದರೆ ಇಲ್ಲಿ ನವಿಲಿದೆ, ಮೊಲವಿದೆ, ಚಿರತೆಯೂ ಇದೆ.

2021ರ ಜನವರಿಯಲ್ಲಿ ಯಲಚೇನಹಳ್ಳಿಯಿಂದ ರೇಷ್ಮೆ ಸಂಸ್ಥೆಯವರೆಗೆ ರೈಲು ಓಡತೊಡಗಿತು. ಅಲ್ಲಿಂದಾಚೆಗೆ ಕನಕಪುರ ರಸ್ತೆಯ ಎರಡೂ ಬದಿಯ ಜಾಹೀರಾತು ಫಲಕಗಳಲ್ಲಿ ಕಾಡೇ ಮುಖ್ಯ ಸರಕು. ಕಾಡಿಗೆ ಮುಖ ಮಾಡಿದ ಬಾಲ್ಕನಿ, ಕಾಡಿನ ಗಾಳಿ, ಕಾಡಿನ ಪಕ್ಕದ ವಿಲ್ಲಾ. ಇನ್ನೂ ತಳಪಾಯ ತೋಡದ ಜಾಗದ ಮುಂದೆ ನಿಂತ ಆ ಫಲಕವನ್ನು ಓದುವವರಲ್ಲಿ ಇಬ್ಬರು ಇದ್ದಾರೆ. ಒಬ್ಬರು ಅಲ್ಲಿ ಮನೆ ಕೊಳ್ಳಬಯಸುವವರು. ಇನ್ನೊಬ್ಬರು ಆಗಲೇ ಅಲ್ಲಿ ಬದುಕುತ್ತಿರುವವರು. ಎರಡನೆಯವರಿಗೆ ಆ ಫಲಕ ಕಂಡ ದಿನ ನಿದ್ದೆ ಕೆಡುತ್ತದೆ. ಕೊಳವೆಬಾವಿಗೆ ಇನ್ನೆಷ್ಟು ಪೈಪು ಇಳಿಸಬೇಕು? ಹಳ್ಳಿಯ ದಾರಿಯಲ್ಲಿ ಲಾರಿ ಓಡಾಡಿದರೆ ಮಕ್ಕಳು ಶಾಲೆಗೆ ಹೇಗೆ ನಡೆದು ಹೋಗಬೇಕು? ಕೊಳಚೆ ಯಾವ ಕೆರೆ ಸೇರುತ್ತದೆ? ಅತ್ತ ಗೋಡೆ ಎದ್ದರೆ ಆನೆ ಇತ್ತ ತಿರುಗುತ್ತದೆಯೇ?

ಈ ಪ್ರಶ್ನೆಗಳನ್ನು ಯಾರ ಮುಂದೆ ಇಡಬೇಕು ಎಂಬುದೇ ಅವರಿಗೆ ಗೊತ್ತಾಗುವುದಿಲ್ಲ. ಗೊತ್ತಾಗದಿರುವುದು ಅವರ ತಪ್ಪೂ ಅಲ್ಲ. ಅಂಥ ಜಾಗವೊಂದನ್ನು ನಮ್ಮ ಕಾನೂನು ಇಟ್ಟೇ ಇಲ್ಲ.

ಸರಿಯುತ್ತಾ ಬಂದ ಗೆರೆ

ತುರಹಳ್ಳಿಯಿಂದ ದಕ್ಷಿಣಕ್ಕೆ ಸಾಗಿದರೆ ಬನ್ನೇರುಘಟ್ಟ ರಾಷ್ಟ್ರೀಯ ಉದ್ಯಾನ. ಬೆಂಗಳೂರಿನ ಮಟ್ಟಿಗೆ ಕಾಡು ಮತ್ತು ಬಡಾವಣೆಯ ಕಥೆ ಪೂರ್ತಿಯಾಗಿ ದಾಖಲಾಗಿರುವುದು ಇಲ್ಲಿ. 1974ರಲ್ಲಿ ಉದ್ಯಾನವೆಂದು ಘೋಷಣೆಯಾದಾಗ ಅದರ ವಿಸ್ತೀರ್ಣ ನೂರು ಚದರ ಕಿಲೋಮೀಟರಿಗಿಂತ ತುಸು ಹೆಚ್ಚು. ಆಮೇಲೆ ಸುತ್ತಲ ಕಾಡುಗಳು ಸೇರಿ ಈಗ 260 ಚದರ ಕಿಲೋಮೀಟರಿನಷ್ಟಾಗಿದೆ. ನಕ್ಷೆಯಲ್ಲಿ ನೋಡಿದರೆ ಇದು ಗುಂಡಗಿನ ಕಾಡಲ್ಲ, ಉದ್ದಕ್ಕೆ ಎಳೆದ ಪಟ್ಟಿ. ಕೆಲವು ಕಡೆ ಅಗಲ ಒಂದು ಕಿಲೋಮೀಟರೂ ಇಲ್ಲ. ಉತ್ತರದ ತುದಿಗೆ ಬೆಂಗಳೂರು ಅಂಟಿಕೊಂಡಿದೆ. ದಕ್ಷಿಣಕ್ಕೆ ಕಾಡು ಮುಂದುವರಿದು ತಳಿ, ಹೊಸೂರು ಭಾಗದ ಅರಣ್ಯಗಳ ಮೂಲಕ ಕಾವೇರಿ ಕಣಿವೆಯನ್ನು ಮುಟ್ಟುತ್ತದೆ. ಮಾದೇಶ್ವರ ಬೆಟ್ಟದ ಕಡೆಯಿಂದ ಹೊರಟ ಆನೆಯೊಂದು ಕಾಡಿನಿಂದ ಹೊರಗೆ ಹೆಚ್ಚು ಹೆಜ್ಜೆ ಇಡದೆ ಬೆಂಗಳೂರಿನ ಹೊಸ್ತಿಲಿಗೆ ಬರಬಹುದಾದ ದಾರಿ ಇದು.

ಇಂಥ ಕಾಡುಗಳ ಸುತ್ತ ಒಂದಿಷ್ಟು ಮೆತ್ತನೆಯ ಜಾಗ ಬೇಕು ಎಂಬ ಆಲೋಚನೆ ಹೊಸದಲ್ಲ. ರಾಷ್ಟ್ರೀಯ ಉದ್ಯಾನ ಮತ್ತು ಅಭಯಾರಣ್ಯಗಳ ಸುತ್ತ ಹತ್ತು ಕಿಲೋಮೀಟರ್ ಭೂಮಿಯನ್ನು ಪರಿಸರ ಸೂಕ್ಷ್ಮವೆಂದು ಕಾಪಾಡಬೇಕು ಎಂಬ ಮಾತು 2002ರ ರಾಷ್ಟ್ರೀಯ ವನ್ಯಜೀವಿ ಕಾರ್ಯತಂತ್ರದಲ್ಲೇ ಇತ್ತು. 2011ರಲ್ಲಿ ಕೇಂದ್ರ ಸರ್ಕಾರ ಮಾರ್ಗಸೂಚಿ ಹೊರಡಿಸಿ, ಈ ವಲಯ ಕಾಡಿಗೆ ಹೊರಗಿನ ಪೆಟ್ಟು ತಾಗದಂತೆ ತಡೆಯುವ ಮೆತ್ತೆಯಿದ್ದಂತೆ ಎಂದು ವಿವರಿಸಿತು. ಎಷ್ಟು ದಪ್ಪದ ಮೆತ್ತೆ ಎಂಬುದನ್ನು ಮಾತ್ರ ಒಂದೊಂದು ಕಾಡಿಗೂ ಬೇರೆಬೇರೆಯಾಗಿ ನಿರ್ಧರಿಸಬೇಕಿತ್ತು.

2016ರ ಜೂನ್‌ನಲ್ಲಿ ಬನ್ನೇರುಘಟ್ಟಕ್ಕೆ ಮೊದಲ ಕರಡು ಅಧಿಸೂಚನೆ ಬಂತು. ಉದ್ಯಾನದ ಗಡಿಯಿಂದ ಕೆಲವೆಡೆ ನೂರು ಮೀಟರ್, ಕೆಲವೆಡೆ ನಾಲ್ಕೂವರೆ ಕಿಲೋಮೀಟರ್‌ವರೆಗೆ, ಒಟ್ಟು 268.96 ಚದರ ಕಿಲೋಮೀಟರ್ ಪರಿಸರ ಸೂಕ್ಷ್ಮ ವಲಯ. ಎರಡು ವರ್ಷ ಕಳೆಯಿತು. 2018ರ ನವೆಂಬರ್‌ನಲ್ಲಿ ಇನ್ನೊಂದು ಕರಡು ಬಂತು. ಈ ಬಾರಿ ವಲಯ 168.84 ಚದರ ಕಿಲೋಮೀಟರಿಗೆ ಇಳಿದಿತ್ತು, ಹೆಚ್ಚೆಂದರೆ ಒಂದು ಕಿಲೋಮೀಟರ್ ಅಗಲ. ನಗರದ ಕಡೆಯ ಅಂಚಿನಲ್ಲಿ ಬರೀ ನೂರು ಮೀಟರ್. ಆಕ್ಷೇಪಣೆಗಳು ಹೋದವು, ಮನವಿಗಳು ಹೋದವು, ಬೀದಿಯಲ್ಲಿ ನಿಂತು ಪ್ರತಿಭಟಿಸಿದ್ದೂ ಆಯಿತು. 2020ರ ಮಾರ್ಚ್ 11ರ ಅಂತಿಮ ಅಧಿಸೂಚನೆಯಲ್ಲಿ ಉಳಿದದ್ದು ಅದೇ 168.84.

ಹೊರಗೆ ಬಿದ್ದದ್ದು ನೂರು ಚದರ ಕಿಲೋಮೀಟರ್. ಎಕರೆ ಲೆಕ್ಕದಲ್ಲಿ 24,700ಕ್ಕೂ ಹೆಚ್ಚು. ಲಾಲ್‌ಬಾಗ್ 240 ಎಕರೆ. ಅಂಥ ನೂರು ಲಾಲ್‌ಬಾಗ್‌ಗಳಷ್ಟು ಭೂಮಿ ಎರಡು ಕರಡುಗಳ ನಡುವೆ ಜಾರಿಹೋಯಿತು.

ಇದರಿಂದ ಆದದ್ದೇನು? ವಲಯದೊಳಗೆ ಇರುವ ಜಮೀನಿಗೆ ಒಂದು ಕಟ್ಟು ಇದೆ. ಅಲ್ಲಿ ಗಣಿಗಾರಿಕೆ, ಕಲ್ಲು ಕ್ವಾರಿ, ಕ್ರಷರ್, ಇಟ್ಟಿಗೆ ಗೂಡು ನಡೆಸುವಂತಿಲ್ಲ. ಬೇಸಾಯದ ಭೂಮಿಯನ್ನು ವಸತಿಗೋ ವಾಣಿಜ್ಯಕ್ಕೋ ಪರಿವರ್ತಿಸುವಂತಿಲ್ಲ. ಸ್ಥಳೀಯರ ವಸತಿಯ ಅಗತ್ಯಕ್ಕೆ, ಅದೂ ಉಸ್ತುವಾರಿ ಸಮಿತಿಯ ಶಿಫಾರಸಿನ ಮೇಲೆ ಮಾತ್ರ ಅವಕಾಶ. ಹೊರಗೆ ಬಿದ್ದ ಜಮೀನಿಗೆ ಈ ಕಟ್ಟು ಇಲ್ಲ. ಭೂ ಪರಿವರ್ತನೆಯಾದರೆ ಸಾಕು, ರಾಗಿ ಹೊಲ 30–40ರ ಸೈಟುಗಳಾಗುತ್ತದೆ. ಅದೇ 2020ರಲ್ಲಿ ರಾಜ್ಯ ಸರ್ಕಾರ ಭೂ ಸುಧಾರಣಾ ಕಾಯ್ದೆಯ 79ಎ ಮತ್ತು 79ಬಿ ಕಲಮುಗಳನ್ನು ತೆಗೆದುಹಾಕಿತು. ಕೃಷಿಕರಲ್ಲದವರೂ ಕೃಷಿ ಜಮೀನು ಕೊಳ್ಳುವ ದಾರಿ ತೆರೆಯಿತು. ಒಂದೇ ವರ್ಷದಲ್ಲಿ ಕಾಡಿನ ಬದಿಯ ಬೇಲಿಯೂ ಸರಿಯಿತು, ಹೊಲದ ಬದಿಯ ಬೇಲಿಯೂ ಸರಿಯಿತು. ಕಾಡಂಚಿನ ಹಳ್ಳಿಗಳಿಗೆ ನಿವೇಶನ ಹುಡುಕಿ ಬರುವ ಕಾರುಗಳ ಕಾರಣ ಕೇಳಿದರೆ ಜನ ಮೆಟ್ರೊ ಎನ್ನುತ್ತಾರೆ, ರಿಂಗ್ ರೋಡ್ ಎನ್ನುತ್ತಾರೆ. ನಿಜವೇ. ಆದರೆ ಈ ಎರಡು ಕಾಗದಗಳೂ ಅಷ್ಟೇ ಕಾರಣ.

ರಾಗಿ ತೆನೆಯ ಕಾಲ

ಕಾಡಂಚಿನ ಹಳ್ಳಿಗಳಲ್ಲಿ ಕಾರ್ತಿಕ ಕಳೆಯುವ ಹೊತ್ತಿಗೆ ರಾಗಿ ತೆನೆ ಬಲಿಯುತ್ತದೆ. ಆನೆಗಳಿಗೂ ಅದು ಗೊತ್ತು. ಕತ್ತಲಾದ ಮೇಲೆ ಹೊಲದ ಅಟ್ಟಣೆಯ ಮೇಲೆ ಕೂತು, ತಮಟೆ, ಪಟಾಕಿ, ಟಾರ್ಚು ಇಟ್ಟುಕೊಂಡು ರಾತ್ರಿ ಕಳೆಯುವುದು ಆನೇಕಲ್, ಕನಕಪುರ ಸೀಮೆಯ ರೈತರಿಗೆ ಹೊಸದಲ್ಲ. ಅರಣ್ಯ ಇಲಾಖೆ ಕಂದಕ ತೋಡಿತು, ಸೋಲಾರ್ ಬೇಲಿ ಎಳೆಯಿತು, ಹಳೆಯ ರೈಲು ಹಳಿಗಳನ್ನು ನೆಟ್ಟು ತಡೆ ಕಟ್ಟಿತು. ಇವೆಲ್ಲ ಒಂದು ಮಟ್ಟಿಗೆ ನಡೆಯುತ್ತವೆ. ಆದರೆ ಆನೆಗೆ ದಾರಿಯೆಂಬುದು ಒಂದು ತಲೆಮಾರಿನ ನೆನಪಲ್ಲ. ತಾಯಿಯ ಹಿಂದೆ ಮರಿ, ಆ ಮರಿಯ ಹಿಂದೆ ಅದರ ಮರಿ ನಡೆದು ಉಳಿಸಿಕೊಂಡು ಬಂದದ್ದು. ಕರಡಿಕಲ್–ಮಾದೇಶ್ವರ ಎಂದು ಆನೆ ತಜ್ಞರು ಹೆಸರಿಟ್ಟು ಗುರುತಿಸಿರುವ ಪಥವೊಂದು ಬನ್ನೇರುಘಟ್ಟದ ಕಾಡಿನ ಎರಡು ತುಣುಕುಗಳನ್ನು ಜೋಡಿಸುತ್ತದೆ. ದಕ್ಷಿಣದಲ್ಲಿ ತಳಿ ಕಡೆಗೆ ಹೋಗುವ ಇನ್ನೊಂದು ಪಥವಿದೆ. ನಕ್ಷೆಯಲ್ಲಿ ಇವು ಸಣ್ಣ ಸೊಂಟದಂಥ ಜಾಗಗಳು.

ಇಂಥ ಕಡೆ ಬಡಾವಣೆಯೊಂದು ಕಾಂಪೌಂಡ್ ಎಬ್ಬಿಸಿದರೆ ಆನೆ ಅಲ್ಲಿಗೇ ನಿಂತು ಹಿಂದಿರುಗುವುದಿಲ್ಲ. ಗೋಡೆಯ ಬದಿ ಹಿಡಿದು ನಡೆದು, ಗೋಡೆ ಮುಗಿದಲ್ಲಿ ತಿರುಗುತ್ತದೆ. ಗೋಡೆ ಮುಗಿಯುವಲ್ಲಿ ಇನ್ನೂ ಜಮೀನು ಮಾರದ ರೈತನ ಹೊಲ ಇರುತ್ತದೆ. ಹೀಗಾಗಿ ಕಾಡಂಚಿನ ಯಾವ ಬಡಾವಣೆಯ ನಿಜವಾದ ಬೆಲೆಯೂ ಅದರ ಕರಾರು ಪತ್ರದಲ್ಲಿ ಕಾಣುವುದಿಲ್ಲ. ಅದನ್ನು ತೆರುವವನು ಪಕ್ಕದ ಸರ್ವೆ ನಂಬರಿನವನು. ಹೊಲ ತುಳಿಸಿಕೊಂಡವನು ಮರುವರ್ಷ ಬಿತ್ತನೆಗೆ ಹಿಂದೆಮುಂದೆ ನೋಡುತ್ತಾನೆ, ಮೂರನೆಯ ವರ್ಷ ಮಧ್ಯವರ್ತಿಯ ಫೋನಿಗೆ ಓಗೊಡುತ್ತಾನೆ. ಬಡಾವಣೆ ಹಬ್ಬುವ ಬಗೆ ಇದು.

ಆನೇಕಲ್ ತಾಲ್ಲೂಕಿನ ಇಂಡ್ಲವಾಡಿ, ಬಗ್ಗನದೊಡ್ಡಿ ಭಾಗದಲ್ಲಿ ಕರ್ನಾಟಕ ಗೃಹ ಮಂಡಳಿಯ ಸೂರ್ಯನಗರ ನಾಲ್ಕನೇ ಹಂತ ರೂಪುಗೊಳ್ಳುತ್ತಿದೆ. ಇದು ಖಾಸಗಿಯವರದಲ್ಲ, ಸರ್ಕಾರದ್ದೇ ಬಡಾವಣೆ. 2025ರಲ್ಲಿ ಸೂರ್ಯನಗರದಲ್ಲಿ 80 ಸಾವಿರ ಆಸನಗಳ ಕ್ರಿಕೆಟ್ ಕ್ರೀಡಾಂಗಣಕ್ಕೂ ರಾಜ್ಯ ಸರ್ಕಾರ ಒಪ್ಪಿಗೆ ಕೊಟ್ಟಿತು. ಊರಿಗೆ ಕ್ರೀಡಾಂಗಣ ಬೇಡ ಎಂದು ಯಾರೂ ಹೇಳುವುದಿಲ್ಲ. ಬನ್ನೇರುಘಟ್ಟ ಕಾಡಿನ ಇಷ್ಟು ಹತ್ತಿರ ರಾತ್ರಿಯ ದೀಪಗೋಪುರ, 80 ಸಾವಿರ ಜನರ ಓಡಾಟ, ಅದರ ಬೆನ್ನಿಗೇ ಏಳುವ ಹೋಟೆಲು, ಕಲ್ಯಾಣ ಮಂಟಪ ಇವೆಲ್ಲ ಸೇರಿ ಏನಾಗುತ್ತದೆ ಎಂದು ಒಮ್ಮೆ ಕೂತು ಲೆಕ್ಕ ಹಾಕಿದ್ದೀರಾ ಎಂದು ಕೇಳುವುದು ಮಾತ್ರ ನ್ಯಾಯ.

ಚಿರತೆ ಮತ್ತು ಸಿಸಿಟಿವಿ

ಚಿರತೆಯ ಕಥೆ ಬೇರೆ. ಆನೆಗೆ ದಾರಿ ಬೇಕು. ಚಿರತೆಗೆ ಒಂದಿಷ್ಟು ಮರೆ, ಒಂದಿಷ್ಟು ಬೇಟೆ ಇದ್ದರೆ ನಡೆಯುತ್ತದೆ. ವನ್ಯಜೀವಿ ವಿಜ್ಞಾನಿ ಸಂಜಯ್ ಗುಬ್ಬಿ ಮತ್ತು ಅವರ ಹೊಳೆಮತ್ತಿ ನೇಚರ್ ಫೌಂಡೇಶನ್ ತಂಡ ಕ್ಯಾಮೆರಾ ಇಟ್ಟು ನಡೆಸಿದ ಅಧ್ಯಯನ 2025ರಲ್ಲಿ ಹೊರಬಂತು. ಬೆಂಗಳೂರಿನ ಹೊರವಲಯದಲ್ಲಿ 80ರಿಂದ 85 ಚಿರತೆಗಳಿವೆ ಎಂಬುದು ಅದರ ಅಂದಾಜು. ಅದರಲ್ಲಿ 54 ಬನ್ನೇರುಘಟ್ಟ ಉದ್ಯಾನದಲ್ಲಿ. ಮಿಕ್ಕವು ತುರಹಳ್ಳಿ, ಬಿ.ಎಂ. ಕಾವಲ್, ಯು.ಎಂ. ಕಾವಲ್, ಹೆಸರಘಟ್ಟ ಮೊದಲಾದ ಚೂರುಪಾರು ಕಾಡುಗಳಲ್ಲಿ.

ಯು.ಎಂ. ಕಾವಲ್ ಎಂದರೆ ಉತ್ತರಹಳ್ಳಿ ಮನವರ್ತೆ ಕಾವಲ್. ಕಾವಲು ಎಂಬ ಮಾತು ಕೇಳಿದರೆ ಈಗಿನವರಿಗೆ ಕಾವಲುಗಾರ ನೆನಪಾಗಬಹುದು. ಹಳೆಯ ಮೈಸೂರು ಸೀಮೆಯಲ್ಲಿ ಕಾವಲು ಎಂದರೆ ದನ ಮೇಯಲೆಂದು ಕಾದಿರಿಸಿದ ಭೂಮಿ. ಅಮೃತಮಹಲ್ ಕಾವಲುಗಳ ಹೆಸರು ಕೇಳದ ರೈತ ಈ ಕಡೆ ಇರಲಿಲ್ಲ. ಪೂರ್ವಿಕರು ನೇಗಿಲು ಹೂಡದೆ ಬಿಟ್ಟ ಆ ಭೂಮಿಯೇ ಇಂದು ನಗರದ ಅಂಚಿನಲ್ಲಿ ಕಾಡಾಗಿ ಉಳಿದಿದೆ. ಕನಕಪುರ ರಸ್ತೆಯ ತಾತಗುಣಿಯಲ್ಲಿ ಚಿತ್ರಕಾರ ಸ್ವೆಟೊಸ್ಲಾವ್ ರೋರಿಕ್ ಮತ್ತು ನಟಿ ದೇವಿಕಾರಾಣಿ ದಂಪತಿಯ 468 ಎಕರೆ ಎಸ್ಟೇಟ್ ಕೂಡ ಹೀಗೆಯೇ ಉಳಿದದ್ದು. ಇಬ್ಬರೂ ತೀರಿಕೊಂಡ ಮೇಲೆ 1996ರ ವಿಶೇಷ ಕಾಯ್ದೆಯ ಮೂಲಕ ಸರ್ಕಾರ ಅದನ್ನು ವಶಕ್ಕೆ ತೆಗೆದುಕೊಂಡಿತು. ಆ ಕೆಲಸ ಆಗದೆ ಹೋಗಿದ್ದರೆ ಆನೆಗಳು ಸುಳಿದಾಡುವ ಆ ತೋಪಿನ ಜಾಗದಲ್ಲಿ ಈಗ ಎಷ್ಟು ಗೋಪುರಗಳಿರುತ್ತಿದ್ದವು ಎಂದು ಊಹಿಸುವುದು ಕಷ್ಟವಲ್ಲ. ಗುಬ್ಬಿ ಅವರ ತಂಡ ಬಿ.ಎಂ. ಕಾವಲ್, ಯು.ಎಂ. ಕಾವಲ್, ರೋರಿಕ್ ಎಸ್ಟೇಟ್ ಮತ್ತು ಗೊಲ್ಲಹಳ್ಳಿ ಗುಡ್ಡವನ್ನು ಒಟ್ಟಾಗಿ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸುವಂತೆ ಸೂಚಿಸಿದೆ.

ಕಾಡಿನ ಬದಿಗೆ ಮನೆಗಳು ಬಂದಾಗ ಮೊದಲು ಹೆಚ್ಚುವುದು ಕಸ. ಕಸದ ಹಿಂದೆ ಬೀದಿನಾಯಿ, ನಾಯಿಯ ಹಿಂದೆ ಚಿರತೆ. 2021ರ ಜನವರಿಯಲ್ಲಿ ಬೇಗೂರು ಬಳಿಯ ವಸತಿ ಸಮುಚ್ಚಯವೊಂದರಲ್ಲಿ ಚಿರತೆ ಓಡಾಡಿದ್ದು ಸಿಸಿಟಿವಿಯಲ್ಲಿ ಕಂಡಿತು. 2016ರ ಫೆಬ್ರುವರಿಯಲ್ಲಿ ಕುಂದಲಹಳ್ಳಿಯ ಶಾಲೆಗೆ ನುಗ್ಗಿದ ಚಿರತೆಯನ್ನು ಹಿಡಿಯುವಾಗ ಗುಬ್ಬಿ ಅವರೇ ಗಾಯಗೊಂಡರು. 2023ರ ಅಕ್ಟೋಬರ್ ಕೊನೆಯಲ್ಲಿ ಸಿಂಗಸಂದ್ರದ ಕಡೆ ಕಾಣಿಸಿಕೊಂಡು ಕೂಡ್ಲು ಭಾಗದಲ್ಲಿ ಅಡಗಿದ್ದ ಚಿರತೆ ನವೆಂಬರ್ 1ರಂದು ಸೆರೆ ಸಿಕ್ಕಿತು, ಅದೇ ದಿನ ಸತ್ತೂ ಹೋಯಿತು.

ಇಂಥದ್ದು ನಡೆದಾಗಲೆಲ್ಲ ನಿವಾಸಿಗಳು ಕೇಳುವುದು ಬೋನು. ಚಿರತೆ ಹಿಡಿಯಿರಿ, ಬೇರೆಲ್ಲಾದರೂ ಬಿಡಿ. ಮಕ್ಕಳಿರುವ ಮನೆಯವರ ಹೆದರಿಕೆಯನ್ನು ಹಗುರ ಮಾಡುವಂತಿಲ್ಲ. ಆದರೆ ಹಿಡಿದು ಬೇರೆಡೆ ಬಿಡುವ ದಾರಿ ಎಲ್ಲಿಗೆ ಒಯ್ಯುತ್ತದೆಂದು ಮುಂಬೈ ಆಗಲೇ ತೋರಿಸಿದೆ. ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದ ಸುತ್ತ 2002ರಿಂದ 2004ರ ನಡುವೆ ಚಿರತೆ ದಾಳಿಗಳು ಒಮ್ಮೆಗೇ ಏರಿದವು. ಬೇರೆ ಕಡೆ ಹಿಡಿದ ಚಿರತೆಗಳನ್ನು ಆ ಕಾಡಿಗೆ ತಂದು ಬಿಡುತ್ತಿದ್ದದ್ದು ಅದಕ್ಕೆ ಒಂದು ಕಾರಣವೆಂದು ವಿದ್ಯಾ ಆತ್ರೇಯ ಅವರಂಥ ಸಂಶೋಧಕರು ತೋರಿಸಿದರು. ಪರಿಚಯವಿಲ್ಲದ ನೆಲದಲ್ಲಿ ಬಿಟ್ಟ ಚಿರತೆ ದಿಕ್ಕುಗೆಡುತ್ತದೆ, ಜನರಿಗೆ ಎದುರಾಗುತ್ತದೆ. 2011ರಲ್ಲಿ ಆ ಉದ್ಯಾನದ ಅಧಿಕಾರಿಗಳು ನಾಗರಿಕರನ್ನು ಜೊತೆಗೆ ಕರೆದುಕೊಂಡು ಬೇರೆ ಕೆಲಸ ಶುರುಮಾಡಿದರು: ಕಸ ಎತ್ತಿಸುವುದು, ಮಕ್ಕಳನ್ನು ಕತ್ತಲಲ್ಲಿ ಒಂಟಿಯಾಗಿ ಕಳುಹಿಸದಂತೆ ಹೇಳುವುದು, ಚಿರತೆ ಕಂಡಾಗ ಗುಂಪು ಸೇರದಂತೆ ನೋಡಿಕೊಳ್ಳುವುದು. ಬೋನಿಗಿಂತ ಆ ಕೆಲಸವೇ ಹೆಚ್ಚು ಜೀವ ಉಳಿಸಿತು. ಬೆಂಗಳೂರಿನಲ್ಲಿ ಕಾಡಂಚಿಗೆ ಮನೆ ಮಾರುವವರು ಯಾರೂ ಇದನ್ನು ಕೊಳ್ಳುವವರಿಗೆ ಹೇಳುವುದಿಲ್ಲ. ಹೇಳಲೇಬೇಕು ಎಂಬ ನಿಯಮ ಬಂದರೆ ಒಳ್ಳೆಯದು.

ಕೇಳದೆ ಕಟ್ಟುವುದು

ಈ ಇಡೀ ವಿಷಯದಲ್ಲಿ ಸಾಮಾನ್ಯ ಓದುಗರಿಗೆ ತಿಳಿಯದ, ತಿಳಿದರೆ ನಂಬಲಾಗದ ಸಂಗತಿ ಒಂದಿದೆ. ದೇಶದಲ್ಲಿ ಯೋಜನೆಗಳಿಗೆ ಪರಿಸರ ಅನುಮತಿ ಕೊಡುವುದು 2006ರ ಪರಿಸರ ಪರಿಣಾಮ ಅಂದಾಜು ಅಧಿಸೂಚನೆಯ ಪ್ರಕಾರ. ಗಣಿ ತೋಡುವವರು, ಅಣೆಕಟ್ಟು ಕಟ್ಟುವವರು, ಸಿಮೆಂಟ್ ಕಾರ್ಖಾನೆ ಹೂಡುವವರು ಸಾಮಾನ್ಯವಾಗಿ ಸಾರ್ವಜನಿಕ ಅಹವಾಲು ಸಭೆ ಎದುರಿಸಬೇಕು. ಜಿಲ್ಲಾಧಿಕಾರಿಯ ಮುಂದೆ ಊರವರು ಮೈಕ್ ಹಿಡಿದು ಮಾತಾಡುವ ಸಭೆ ಅದು. ಕಟ್ಟಡ, ವಸತಿ ಬಡಾವಣೆ, ಟೌನ್‌ಶಿಪ್‌ಗಳಿಗೆ ಆ ಸಭೆಯಿಂದ ವಿನಾಯಿತಿ. ನೂರು ಮನೆಯೋ ಹತ್ತು ಸಾವಿರ ಮನೆಯೋ, ಕಾಡಿನ ಬೇಲಿಗೆ ಒರಗಿಕೊಂಡಿದ್ದರೂ ಪಕ್ಕದ ಊರನ್ನು ಕೇಳಬೇಕಾಗಿಲ್ಲ.

ಇನ್ನು 20 ಸಾವಿರ ಚದರ ಮೀಟರ್‌ಗಿಂತ ಕಡಿಮೆ ಕಟ್ಟುವವರಿಗೆ ಪರಿಸರ ಅನುಮತಿಯೇ ಬೇಕಿಲ್ಲ. ಬರೀ ನಿವೇಶನ ವಿಂಗಡಿಸಿ ಮಾರುವ ಬಡಾವಣೆ 50 ಹೆಕ್ಟೇರ್ ಮುಟ್ಟದಿದ್ದರೆ ಅದೂ ಹೊರಗೇ. 50 ಹೆಕ್ಟೇರ್ ಎಂದರೆ 123 ಎಕರೆಗೂ ಹೆಚ್ಚು. ಬನ್ನೇರುಘಟ್ಟದ ಸುತ್ತ ಏಳುತ್ತಿರುವುದು ಹೆಚ್ಚಾಗಿ ಹತ್ತು, ಇಪ್ಪತ್ತು, ಮೂವತ್ತು ಎಕರೆಯ ಬಡಾವಣೆಗಳು. ಒಂದೊಂದಾಗಿ ನೋಡಿದರೆ ಒಂದೂ ದೊಡ್ಡದಲ್ಲ. ಒಟ್ಟು ಕೂಡಿಸಿ ನೋಡುವವರು ಯಾರೂ ಇಲ್ಲ.

ಅದರಿಂದಲೇ ನಿವಾಸಿಗಳ ಆತಂಕ ಯಾವಾಗಲೂ ತಡವಾಗಿ ಕೇಳಿಸುತ್ತದೆ. ಜೆಸಿಬಿ ಬಂದ ದಿನ, ಮರ ಉರುಳಿದ ದಿನ, ರಾಜಕಾಲುವೆಗೆ ಮಣ್ಣು ಬಿದ್ದ ದಿನ. ಕೋಟೆ ಸೂರೆಯಾದ ಮೇಲೆ ದಿಡ್ಡಿ ಬಾಗಿಲು ಹಾಕುವ ಹೊತ್ತಿಗೆ ಅವರ ಕೈಗೆ ಸಿಗುವುದು ಎರಡೇ ದಾರಿ: ಬೀದಿ ಅಥವಾ ಕೋರ್ಟು. ಎರಡಕ್ಕೂ ದಿನಗೂಲಿ ಬಿಟ್ಟು ಬರಬೇಕು.

ನೀರಿನ ವಿಷಯದಲ್ಲಿ ಈ ಕೇಳದಿರುವಿಕೆ ನೇರವಾಗಿ ಮನೆಯೊಳಗೆ ಬರುತ್ತದೆ. 2024ರ ಬೇಸಿಗೆಯಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ವ್ಯಾಪ್ತಿಯ ಸುಮಾರು 13,900 ಸರ್ಕಾರಿ ಕೊಳವೆಬಾವಿಗಳಲ್ಲಿ 6,900ರಷ್ಟು ಬತ್ತಿವೆ ಎಂದು ಸರ್ಕಾರವೇ ಹೇಳಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಕಾವೇರಿ ಐದನೇ ಹಂತ ಉದ್ಘಾಟನೆಯಾಗಿ ದಿನಕ್ಕೆ 775 ದಶಲಕ್ಷ ಲೀಟರ್ ನೀರು ಹೆಚ್ಚುವರಿಯಾಗಿ ಬಂತು. ಅದು ಪಾಲಿಕೆಗೆ ಸೇರಿದ 110 ಹಳ್ಳಿಗಳಿಗೆಂದು ಬಂದ ನೀರು. ಅವುಗಳಾಚೆ, ರಾಗಿಹಳ್ಳಿಯಂಥ ಕಾಡಂಚಿನ ಊರುಗಳಿಗೆ ಇಂದಿಗೂ ಕೊಳವೆಬಾವಿಯೇ ಗತಿ. ಮಳೆ ನೀರನ್ನು ಹಿಡಿದು ಬಂಡೆಗಳ ಬಿರುಕಿಗೆ ಇಳಿಸುವುದು ಆ ಕಾಡು. ಕುರುಚಲು ಎಂದು ಕಡೆಗಣಿಸಿದ ಗುಡ್ಡವನ್ನು ಬೋಳಿಸಿ ಕಾಂಕ್ರೀಟ್ ಹಾಸಿದರೆ ಮೊದಲ ಮಳೆಗೆ ತಗ್ಗಿನ ಮನೆಗಳಿಗೆ ಪ್ರವಾಹ, ಎರಡನೆಯ ಬೇಸಿಗೆಗೆ ಟ್ಯಾಂಕರ್.

ಊರವರ ಎರಡು ದನಿ

ಇಲ್ಲಿ ಪರಿಸರವಾದಿಗಳು ಸಾಮಾನ್ಯವಾಗಿ ಹೇಳದೆ ಬಿಡುವ ಮಾತೊಂದನ್ನು ಹೇಳಲೇಬೇಕು. ಸೂಕ್ಷ್ಮ ವಲಯ ಕಿರಿದಾದಾಗ ಎಲ್ಲರೂ ದುಃಖಪಡಲಿಲ್ಲ. ವಲಯಕ್ಕೆ ಸೇರಿದ 77 ಹಳ್ಳಿಗಳಲ್ಲಿ ಎಷ್ಟೋ ರೈತರು ವಲಯವನ್ನೇ ವಿರೋಧಿಸಿದರು. ಅವರ ಹೆದರಿಕೆಗೆ ಕಾರಣವಿತ್ತು. ಮನೆ ವಿಸ್ತರಿಸಲು ಯಾರ ಅಪ್ಪಣೆ ಬೇಕು, ಮಗಳ ಮದುವೆಗೆ ಅರ್ಧ ಎಕರೆ ಮಾರಬಹುದೇ, ಕೊಳವೆಬಾವಿ ಕೊರೆಸಬಹುದೇ ಎಂಬುದಕ್ಕೆ ಅವರ ಭಾಷೆಯಲ್ಲಿ ಉತ್ತರ ಕೊಟ್ಟವರು ಕಡಿಮೆ. ವ್ಯವಸಾಯಕ್ಕೆ ತಡೆಯಿಲ್ಲ, ಸ್ವಂತ ವಾಸದ ಮನೆಗೆ ತಡೆಯಿಲ್ಲ ಎಂದು ಅಧಿಸೂಚನೆ ಹೇಳಿದರೂ ಅದನ್ನು ಗ್ರಾಮಸಭೆಯಲ್ಲಿ ಕೂತು ಬಿಡಿಸಿ ಹೇಳುವ ಕೆಲಸ ಆಗಲಿಲ್ಲ. ಖಾಲಿ ಬಿಟ್ಟ ಆ ಜಾಗವನ್ನು ಗಾಳಿಸುದ್ದಿ ತುಂಬಿತು.

ಕೇರಳದಲ್ಲೂ ಹೀಗೇ ಆಯಿತು. 2022ರ ಜೂನ್ 3ರಂದು ಸುಪ್ರೀಂ ಕೋರ್ಟ್ ದೇಶದ ಎಲ್ಲ ಸಂರಕ್ಷಿತ ಅರಣ್ಯಗಳ ಸುತ್ತ ಕನಿಷ್ಠ ಒಂದು ಕಿಲೋಮೀಟರ್ ಸೂಕ್ಷ್ಮ ವಲಯ ಇರಬೇಕೆಂದಾಗ ವಯನಾಡು, ಇಡುಕ್ಕಿಯ ರೈತರು ಬೀದಿಗಿಳಿದರು. 2023ರ ಏಪ್ರಿಲ್‌ನಲ್ಲಿ ಕೋರ್ಟು ಆ ಆದೇಶವನ್ನು ಮಾರ್ಪಡಿಸಿತು. ಕಾಡಿನ ಪಕ್ಕದಲ್ಲಿ ಆನೆ, ಹಂದಿ, ಚಿರತೆಗಳ ಕಾಟ ಸಹಿಸಿಕೊಂಡು ಬಾಳಿದವರಿಗೆ ನಷ್ಟ ಮಾತ್ರ ಹೊರಿಸಿ, ಕಾಡು ಉಳಿಸಿದ್ದಕ್ಕೆ ಒಂದು ಬಿಡಿಗಾಸೂ ಕೊಡದ ವ್ಯವಸ್ಥೆಯಲ್ಲಿ ರೈತ ಜಮೀನು ಮಾರಲು ಹೊರಟರೆ ಅವನನ್ನು ದೂರುವ ಹಕ್ಕು ನಗರದವರಿಗಿಲ್ಲ. ಬೆಳೆ ನಷ್ಟದ ಪರಿಹಾರ ಹೊತ್ತಿಗೆ ಸರಿಯಾಗಿ, ಮಾರುಕಟ್ಟೆ ಬೆಲೆಗೆ ತಕ್ಕಂತೆ ಕೈಸೇರುವವರೆಗೆ ಸೂಕ್ಷ್ಮ ವಲಯಕ್ಕೆ ಹಳ್ಳಿಯ ಬೆಂಬಲ ಸಿಗುವುದು ಕಷ್ಟ.

ಇನ್ನೊಂದು ದನಿ ಬಡಾವಣೆಯವರದು. 2021ರ ಫೆಬ್ರುವರಿಯಲ್ಲಿ ಅರಣ್ಯ ಇಲಾಖೆ ತುರಹಳ್ಳಿಯೊಳಗೆ ಟ್ರೀ ಪಾರ್ಕ್ ಮಾಡಲು ಹೊರಟಿತು. ಸುತ್ತಲ ಮನೆಗಳ ಜನ, ಸೈಕಲ್ ಸವಾರರು, ಬಂಡೆ ಹತ್ತುವವರು, ಹಕ್ಕಿ ನೋಡುವವರು ಫಲಕ ಹಿಡಿದು ಕಾಡಂಚಿಗೆ ಬಂದು ನಿಂತರು. ಕಾಡನ್ನು ಕಾಡಾಗಿ ಬಿಡಿ, ಉದ್ಯಾನ ಮಾಡಬೇಡಿ ಎಂಬುದಷ್ಟೇ ಬೇಡಿಕೆ. ಯೋಜನೆಯನ್ನು ತಡೆಹಿಡಿಯಲಾಯಿತು. ಆಗ ಕೇಳಿಬಂದ ಆರೋಪ ಇಂದಿಗೂ ಕೇಳುತ್ತದೆ: ತಾವು ಮನೆ ಕಟ್ಟಿಕೊಂಡಾಯಿತು, ಈಗ ಬೇರೆಯವರು ಬರಬಾರದು ಎನ್ನುತ್ತಾರೆ.

ಆರೋಪ ಅರ್ಧ ನಿಜ. ಅವರ ಮನೆಗಳೂ ಒಂದು ಕಾಲಕ್ಕೆ ಹೊಲವಾಗಿದ್ದ ಜಾಗದಲ್ಲೇ ನಿಂತಿವೆ. ಆದರೆ ಇನ್ನರ್ಧವನ್ನೂ ನೋಡಬೇಕು. ಟ್ಯಾಂಕರಿಗೆ ಕಾದವರು ಅವರು, ಬೇಸಿಗೆಯಲ್ಲಿ ಕಾಡಿಗೆ ಬೆಂಕಿ ಬಿದ್ದಾಗ ಕೊಡ ಹಿಡಿದು ಓಡಿದವರು ಅವರು, ಚಿರತೆಯ ಹೆಜ್ಜೆ ಕಂಡು ಮಕ್ಕಳನ್ನು ಒಳಗೆ ಕರೆದವರು ಅವರು. ಕಾಡಂಚಿಗೆ ಇನ್ನೆಷ್ಟು ಭಾರ ಹೊರುವ ಶಕ್ತಿ ಇದೆ ಎಂಬುದನ್ನು ಯಾವ ಸಲಹಾ ಸಂಸ್ಥೆಯ ವರದಿಗಿಂತ ಚೆನ್ನಾಗಿ ಬಲ್ಲವರು ಅವರೇ. ತಡವಾಗಿ ಬಂದ ತಿಳಿವಳಿಕೆ ಎಂಬ ಕಾರಣಕ್ಕೆ ಅದನ್ನು ತಳ್ಳಿಹಾಕಿದರೆ ನಾಳೆ ಬರುವವರು ಅದೇ ಪಾಠವನ್ನು ಹೊಸದಾಗಿ ಕಲಿಯಬೇಕಾಗುತ್ತದೆ, ಇನ್ನಷ್ಟು ಕಾಡು ಕಳೆದುಕೊಂಡು.

ರೈತ ಮತ್ತು ಫ್ಲ್ಯಾಟಿನವರು ಒಂದೇ ಸಭೆಯಲ್ಲಿ ಕೂತ ಉದಾಹರಣೆ ಕಡಿಮೆ. ಕೂತರೆ ಗೊತ್ತಾಗುತ್ತದೆ, ಇಬ್ಬರ ದೂರೂ ಒಂದೇ. ನಮ್ಮನ್ನು ಯಾರೂ ಕೇಳಲಿಲ್ಲ.

ಅಧಿಸೂಚಿತ ಅರಣ್ಯಕ್ಕೆ ಇಷ್ಟಾದರೂ ಕಾಗದದ ರಕ್ಷೆ ಇದೆ. ಊರ ಪಕ್ಕದ ಗುಂಡುತೋಪು, ಖರಾಬು ಭೂಮಿಯ ಮರಗಳು, ಕಂದಾಯ ದಾಖಲೆಯಲ್ಲಿ ಅರಣ್ಯವೆಂದು ಬರೆಯದ ಕಾಡಿಗೆ ಅದೂ ಇಲ್ಲ. ದಾಖಲೆಯಲ್ಲಿ ಏನೇ ಇರಲಿ, ನಿಘಂಟಿನ ಅರ್ಥದಲ್ಲಿ ಕಾಡಾಗಿದ್ದರೆ ಅದು ಕಾಡೇ ಎಂದು ಸುಪ್ರೀಂ ಕೋರ್ಟ್ 1996ರ ಡಿಸೆಂಬರ್‌ನಲ್ಲಿ ಗೋದಾವರ್ಮನ್ ಪ್ರಕರಣದಲ್ಲಿ ಹೇಳಿತ್ತು. ಅದರಂತೆ ಕರ್ನಾಟಕ ಗುರುತಿಸಿದ್ದ ಡೀಮ್ಡ್ ಅರಣ್ಯ 9.94 ಲಕ್ಷ ಹೆಕ್ಟೇರ್. 2022ರಲ್ಲಿ ಸರ್ಕಾರ ಅದನ್ನು ಪರಿಷ್ಕರಿಸಿ 3.30 ಲಕ್ಷ ಹೆಕ್ಟೇರಿಗೆ ಇಳಿಸಿತು. ಪಟ್ಟಿಯಿಂದ ಬಿದ್ದ ಜಾಗದಲ್ಲಿ ಮನೆ, ಶಾಲೆ, ಉಳುಮೆ ಆಗಲೇ ಇದ್ದ ಕಡೆಗಳೂ ಇವೆ, ಅದು ಸರಿ. ಮರಗಳು ಇನ್ನೂ ನಿಂತಿರುವ ಕಡೆಗಳನ್ನು ಸರ್ವೆ ನಂಬರ್ ಸಮೇತ ಮತ್ತೊಮ್ಮೆ ನೋಡುವ ಹೊಣೆ ಸರ್ಕಾರದ ಮೇಲಿದೆ.

ಹಾಗಾದರೆ ಮನೆ ಕಟ್ಟುವುದೇ ಬೇಡವೇ? ಬೇಕು. ಬೆಂಗಳೂರಿಗೆ ಬರುವವರಿಗೆ ಸೂರು ಬೇಕು, ಅದರಲ್ಲೂ ಕಡಿಮೆ ಸಂಬಳದವರಿಗೆ. ಕಾಡಂಚಿನ ವಿಲ್ಲಾಗಳು ಅವರಿಗಾಗಿ ಏಳುತ್ತಿಲ್ಲ. ನಗರದೊಳಗೆ ಖಾಲಿ ಬಿದ್ದ ಸೈಟುಗಳು, ಮುಚ್ಚಿದ ಕಾರ್ಖಾನೆಗಳ ಜಾಗ, ಮೆಟ್ರೊ ನಿಲ್ದಾಣಗಳ ಆಸುಪಾಸು ಮೊದಲು ತುಂಬಲಿ. ರಾಷ್ಟ್ರೀಯ ಉದ್ಯಾನ ಅಥವಾ ಮೀಸಲು ಅರಣ್ಯದ ಅಂಚಿನ ಬಡಾವಣೆಗೆ, ಎಷ್ಟೇ ಎಕರೆಯದಾಗಿರಲಿ, ಸಾರ್ವಜನಿಕ ಅಹವಾಲು ಸಭೆ ಕಡ್ಡಾಯವಾಗಲಿ. ಆ ಸಭೆ ನಕ್ಷೆ ಮಂಜೂರಾಗುವ ಮೊದಲೇ, ಕನ್ನಡದಲ್ಲೇ, ಆಯಾ ಪಂಚಾಯಿತಿಯಲ್ಲೇ ನಡೆಯಲಿ.

ಅಲ್ಲಿಯವರೆಗೆ ಓದುಗರ ಕೈಯಲ್ಲೂ ಕೆಲಸವಿದೆ. ಕಾಡಿನ ಬದಿಯ ನಿವೇಶನ ನೋಡಲು ಹೋದಾಗ ಪಹಣಿ, ಖಾತೆ, ಪರಿವರ್ತನೆ ಆದೇಶದ ಜೊತೆ ಅಧಿಸೂಚನೆಯ ಹಳ್ಳಿ ಪಟ್ಟಿಯನ್ನೂ ಕೇಳಿ; ಸರ್ವೆ ನಂಬರ್ ಸೂಕ್ಷ್ಮ ವಲಯದಲ್ಲಿದೆಯೇ, ಆನೆ ದಾರಿಯ ಮೇಲಿದೆಯೇ ಎಂದು ವಲಯ ಅರಣ್ಯಾಧಿಕಾರಿ ಕಚೇರಿಯಲ್ಲಿ ಲಿಖಿತವಾಗಿ ವಿಚಾರಿಸಿ. ಪಕ್ಕದ ಹೊಲದವರ ಜೊತೆ ಅರ್ಧ ಗಂಟೆ ಕೂತು ಮಾತಾಡಿ. ಆಗಲೇ ಅಲ್ಲಿ ವಾಸವಿರುವವರು ಸೂಕ್ಷ್ಮ ವಲಯದ ಕರಡು ಅಧಿಸೂಚನೆ ಬಂದ ದಿನವೇ ದಿನಾಂಕ ಗುರುತು ಹಾಕಿಕೊಳ್ಳಿ. ಆಕ್ಷೇಪಣೆ ಸಲ್ಲಿಸಲು ಇರುವ ಅವಧಿ 60 ದಿನ.